ಸೆಮಿನರಿ ಬಿಟ್ಟೆ, ಕರೆಯೂ ತಪ್ಪಿತಾ?

ಪ್ರಶ್ನೆ: ನನಗೆ 41 ವರ್ಷ. ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಬೋಟ್ ಎಂಜಿನ್ ರಿಪೇರಿ ಮಾಡುತ್ತೇನೆ. ಹುಡುಗನಾಗಿದ್ದಾಗ ಪಾದ್ರಿಯಾಗುವ ಆಸೆಯಿಂದ ಸೆಮಿನರಿ ಸೇರಿದ್ದೆ. ಎರಡನೇ ವರ್ಷ ಅಪ್ಪ ತೀರಿಕೊಂಡರು, ಬಿಟ್ಟು ಬಂದೆ. ಈಗ ಹೆಂಡತಿ, ಇಬ್ಬರು ಮಕ್ಕಳು, ಮರೆವಿನ ಕಾಯಿಲೆ ಬಂದಿರುವ ಅಮ್ಮ ಇದ್ದಾರೆ. ಅಮ್ಮನನ್ನು ಹೆಚ್ಚಾಗಿ ಹೆಂಡತಿಯೇ ನೋಡಿಕೊಳ್ಳುತ್ತಾಳೆ. ಭಾನುವಾರ ಇಗರ್ಜಿಗೆ ಹೋಗುತ್ತೇನೆ, ಹಬ್ಬದ ಕಮಿಟಿಯಲ್ಲೂ ಇದ್ದೇನೆ. ಉಳಿದ ಆರು ದಿನ ಗ್ರೀಸು, ಡೀಸೆಲ್, ಸಾಲ. ಕೆಲವು ಬೋಟ್ ಮ್ಯಾನೇಜರುಗಳು ಬಿಲ್ಲಿನಲ್ಲಿ ಜಾಸ್ತಿ ಬರೆಸಿಕೊಳ್ಳುತ್ತಾರೆ. ಆಗಲ್ಲ ಅಂದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಅಂತ ಬರೆದುಕೊಡುತ್ತೇನೆ. ಕೆಲಸದ ಹುಡುಗರಿಗೆ ಸಂಬಳ ತಡವಾಗುತ್ತದೆ. ಪ್ರಾರ್ಥನೆ ಅಂದರೆ ಸೆಮಿನರಿಯಲ್ಲಿ ರಾತ್ರಿ ಹಾಡುತ್ತಿದ್ದ ಸಿಮೆಯೋನನ ಹಾಡು ಒಂದೇ ಬಾಯಿಗೆ ಬರುತ್ತದೆ. ಕರೆದ ದೇವರಿಗೆ ಬೆನ್ನು ತಿರುಗಿಸಿ ಬಂದವನು ನಾನು. ನನ್ನಂಥವನಿಗೆ ಇನ್ನು ಯಾವ ಕರೆ ಉಳಿದಿದೆ?

ಉತ್ತರ: ಸಹೋದರರೇ, ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ತೆಗೆದು ಒಮ್ಮೆ ಓದಿ. ಸಮಾಧಿಗಳ ನಡುವೆ ಅರಚುತ್ತಾ ಬದುಕಿದ್ದ ಒಬ್ಬನನ್ನು ಯೇಸು ಗುಣಪಡಿಸುತ್ತಾರೆ. ಆಮೇಲೆ ವಾಪಸು ಹೋಗಲು ದೋಣಿ ಹತ್ತುತ್ತಾರೆ. ನಾನೂ ನಿಮ್ಮ ಜೊತೆ ಬರುತ್ತೇನೆ ಅಂತ ಆ ಮನುಷ್ಯ ಬೇಡಿಕೊಳ್ಳುತ್ತಾನೆ. ಯೇಸು ಒಪ್ಪುವುದಿಲ್ಲ. ನಿನ್ನ ಮನೆಗೆ ಹೋಗು, ನಿನ್ನವರ ಹತ್ತಿರ ಹೋಗು, ದೇವರು ನಿನಗೆ ಮಾಡಿದ್ದನ್ನು ಅವರಿಗೆ ಹೇಳು ಅನ್ನುತ್ತಾರೆ.

ಈ ಭಾಗವನ್ನು ನಾನು ಎಷ್ಟೋ ವರ್ಷ ಧರ್ಮೋಪದೇಶದ ಮಕ್ಕಳಿಗೆ ಪಾಠ ಮಾಡಿದ್ದೇನೆ. ಅವನಿಂದ ಹೊರಟ ದೆವ್ವಗಳು ಹೊಕ್ಕ ಹಂದಿಗಳ ಹಿಂಡು ನೀರಿಗೆ ಬೀಳುವ ಕಡೆ ಬಂದರೆ ಮಕ್ಕಳ ಕಣ್ಣು ಅರಳುತ್ತಿತ್ತು. ಕೊನೆಯ ಮೂರು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಹಳ ತಡವಾಗಿ. ಸೀಮೋನ, ಅಂದ್ರೆಯ ಇಬ್ಬರಿಗೂ ಬಲೆ ಬಿಟ್ಟು ಬನ್ನಿ ಅಂದವರು ಇದೇ ಯೇಸು. ಇವನಿಗೆ ಮನೆಗೆ ಹೋಗು ಅಂದವರೂ ಅವರೇ. ಇವನಿಗೆ ಕರೆ ಸಿಗಲಿಲ್ಲ ಅಂತ ಹೇಳೋಕಾಗುತ್ತಾ? ಅವನು ಹೋಗಿ ದೆಕಪೊಲಿಯ ಊರುಗಳಲ್ಲೆಲ್ಲ ಹೇಳಿದ, ಕೇಳಿದವರು ಬೆರಗಾದರು ಅಂತ ಮಾರ್ಕ ಬರೆಯುತ್ತಾನೆ.

ಅಪ್ಪ ತೀರಿಕೊಂಡಾಗ ನೀವು ಮನೆಗೆ ಬಂದಿರಿ. ಅದನ್ನು ಬೆನ್ನು ತಿರುಗಿಸಿದ್ದು ಅಂತ ಬರೆದಿದ್ದೀರಿ. ನಾನು ಹಾಗೆ ಕರೆಯುವುದಿಲ್ಲ. ಮನೆಯಲ್ಲಿ ಒಲೆ ಉರಿಯಬೇಕಿತ್ತು, ನೀವು ಬಂದಿರಿ.

ನಮ್ಮ ಕಡೆ ದೈವಕರೆ ಅಂದ ಕೂಡಲೇ ಕಣ್ಣಿಗೆ ಬರುವುದು ಬಿಳಿ ನಿಲುವಂಗಿ. ದೈವಕರೆಗಳಿಗಾಗಿ ಪ್ರಾರ್ಥಿಸೋಣ ಅಂದರೆ ಪಾದ್ರಿಗಳು, ಸಿಸ್ಟರುಗಳು ಬರಲಿ ಅಂತಲೇ ಅರ್ಥ. ಆ ಪ್ರಾರ್ಥನೆ ಬೇಕು. ಪಾದ್ರಿಗಳೂ ಬೇಕು. ಆದರೆ ಹಾಗೆ ಬಳಸಿ ಬಳಸಿ ಪದವೇ ಚಿಕ್ಕದಾಗಿಬಿಟ್ಟಿತು. ಸಂತ ಪೌಲ ಕೊರಿಂಥದವರಿಗೆ ಕರೆಯ ಬಗ್ಗೆ ಬರೆದಾಗ ಆ ಓಲೆ ಕೇಳಿಸಿಕೊಂಡವರಲ್ಲಿ ಗುಲಾಮರಿದ್ದರು, ಮದುವೆಯಾದವರಿದ್ದರು, ವಿಧವೆಯರಿದ್ದರು. ದೇವರು ಕರೆದಾಗ ಯಾವ ಸ್ಥಿತಿಯಲ್ಲಿದ್ದಿರೋ ಅಲ್ಲೇ ದೇವರ ಜೊತೆ ಬಾಳಿ ಅಂತ ಅವರಿಗೆ ಹೇಳಿದ. ಯುರೋಪಿನಲ್ಲೂ ಈ ಪದ ಒಂದು ಕಾಲಕ್ಕೆ ಮಠದ ಗೋಡೆಯ ಒಳಗೆ ಸೇರಿಕೊಂಡಿತ್ತು. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಅದನ್ನು ಬೀದಿಗೆ, ಅಡುಗೆಮನೆಗೆ ತಂದರು. ಅಪ್ಪನಾದವನು ನಂಬಿಕೆಯಿಂದ ಮಗುವಿನ ಬಟ್ಟೆ ಒಗೆದರೆ ಅದೂ ದೇವರಿಗೆ ಮೆಚ್ಚುಗೆ ಅಂದರು. ಅವರಿಗೂ ನಮ್ಮ ಕಥೋಲಿಕ ಸಭೆಗೂ ಇದ್ದ ಜಗಳ ಬೇರೆ. ಈ ಮಾತಿಗೆ ಮಾತ್ರ ನಾನು ಅವರಿಗೆ ಋಣಿ. ನಮ್ಮ ಸಭೆ 1964ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯ ಲೂಮೆನ್ ಜೆನ್ಸಿಯುಂ ದಾಖಲೆಯಲ್ಲಿ, ಪವಿತ್ರತೆಯ ಕರೆ ಎಲ್ಲರಿಗೂ ಇದೆ ಅಂತ ಬಿಡಿಸಿ ಹೇಳಿತು. ಅದಕ್ಕೇ ಒಂದು ಇಡೀ ಅಧ್ಯಾಯ ಇದೆ. ಶ್ರೀಸಾಮಾನ್ಯರನ್ನು ದೇವರು ಕರೆದಿರುವುದು ಅವರ ಉದ್ಯೋಗದ ನಡುವೆ, ಸಂಸಾರದ ನಡುವೆ ಅನ್ನುತ್ತದೆ ಆ ದಾಖಲೆ. ಜ್ಞಾನಸ್ನಾನದ ದಿನ ನಿಮಗೆ ಬಂದ ಕರೆ ಅದು. ಸೆಮಿನರಿ ಗೇಟಿನ ಹತ್ತಿರ ಬಿದ್ದುಹೋಗುವಂಥದ್ದಲ್ಲ.

ನಿಮ್ಮ ಹಾಗೇ ಆದ ಇಬ್ಬರ ಕಥೆ ಹೇಳುತ್ತೇನೆ. ಫ್ರಾನ್ಸಿನ ಲೂಯಿ ಮಾರ್ಟಿನ್ ಯುವಕನಾಗಿದ್ದಾಗ ಆಲ್ಪ್ಸ್ ಬೆಟ್ಟದ ಮಠ ಸೇರಲು ಹೋದರು. ಲ್ಯಾಟಿನ್ ಗೊತ್ತಿಲ್ಲ ಅಂತ ವಾಪಸು ಕಳಿಸಿದರು. ಝೆಲಿ ಅನ್ನುವ ಹುಡುಗಿ ಸಿಸ್ಟರ್ ಆಗಬೇಕೆಂದು ಹೋದರು. ಅವರನ್ನೂ ಸೇರಿಸಿಕೊಳ್ಳಲಿಲ್ಲ. ಲೂಯಿ ಗಡಿಯಾರ ರಿಪೇರಿ ಕಲಿತರು, ಝೆಲಿ ಲೇಸ್ ಹೆಣೆದು ಮಾರಿದರು. 1858ರಲ್ಲಿ ಇಬ್ಬರ ಮದುವೆಯಾಯಿತು. ಒಂಬತ್ತು ಮಕ್ಕಳು, ಅದರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ಹೋದರು. ವ್ಯಾಪಾರ ಹೋದರೂ ಸರಿ, ಲೂಯಿ ಭಾನುವಾರ ಅಂಗಡಿ ತೆರೆಯಲಿಲ್ಲ. ಝೆಲಿ 1877ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಲೂಯಿಗೆ ಕೊನೆಗಾಲದಲ್ಲಿ ಬುದ್ಧಿ ಮಂಕಾಯಿತು. ಮೂರು ವರ್ಷಕ್ಕೂ ಜಾಸ್ತಿ ಆಸ್ಪತ್ರೆಯಲ್ಲಿ ಇಡಬೇಕಾಯಿತು. ಅವರ ಕೊನೆಯ ಮಗಳೇ ಲಿಸಿಯೆಯ ಸಂತ ತೆರೇಸಾ. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಈ ಗಂಡಹೆಂಡತಿಯನ್ನು ಒಟ್ಟಿಗೆ ಸಂತರೆಂದು ಘೋಷಿಸಿದರು. ದಂಪತಿಯನ್ನು ಹೀಗೆ ಜೊತೆಯಾಗಿ ಘೋಷಿಸಿದ್ದು ಅದೇ ಮೊದಲು. ಅವರ ದಿನಗಳಲ್ಲಿ ಇದ್ದದ್ದೇನು? ಬೆಳಗಿನ ಪೂಜೆ, ಗಡಿಯಾರದ ಚಕ್ರ, ಲೇಸಿನ ಲೆಕ್ಕ, ಮಕ್ಕಳ ಜ್ವರ.

ಈಗ ನಿಮ್ಮ ವಿಷಯ. ಯಾವ ಕರೆ ಉಳಿದಿದೆ ಅಂತ ಕೇಳಿದ್ದೀರಿ. ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ನಿಮ್ಮ ಕೈಯನ್ನು ನಂಬಿಕೊಂಡವರು ಯಾರು ಯಾರು? ನೀವು ಬಿಚ್ಚಿ ಜೋಡಿಸಿದ ಎಂಜಿನ್ ಮೇಲೆ ಸಮುದ್ರಕ್ಕೆ ಹೋಗುವವರು: ಬೋಟು ನಡೆಸುವ ತಾಂಡೇಲ, ಅದರಲ್ಲಿ ದುಡಿಯುವ ಖಲಾಶಿಗಳು. ನಿಮ್ಮ ಹತ್ತಿರ ಕೆಲಸ ಕಲಿಯುವ ಹುಡುಗರು. ಹೆಂಡತಿ, ಮಕ್ಕಳು. ಅಮ್ಮ. ನಿಮ್ಮ ಕರೆಯನ್ನು ನಾನು ಈ ಹಾಳೆಯಲ್ಲೇ ಹುಡುಕುತ್ತೇನೆ. ದೇವರಿಗೆ ನಮ್ಮ ಸೇವೆಯಿಂದ ಆಗಬೇಕಾದ್ದೇನೂ ಇಲ್ಲ. ಈ ಜನರಿಗೆ ಇದೆ.

ಎಂಜಿನ್‌ನಿಂದಲೇ ಶುರು ಮಾಡೋಣ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ನಿಮ್ಮ ಕೆಲಸದ ಸುಗ್ಗಿ ಅದು. ಜುಲೈ ಕೊನೆಯ ವಾರ ಎಲ್ಲರಿಗೂ ಅವಸರ. ತಂಪು ನೀರು ಎಳೆಯುವ ಪಂಪಿನ ಒಳಗಿನ ರಬ್ಬರ್ ಇಂಪೆಲ್ಲರ್ ಬಿರುಕು ಬಿಟ್ಟಿದ್ದರೂ, ಈ ಸೀಸನ್ ನಡೆಯುತ್ತದೆ ಬಿಡಿ ಅಂತ ಹೇಳಿ ಮುಚ್ಚಿಬಿಡಬಹುದು. ಯಾರಿಗೂ ಕಾಣುವುದಿಲ್ಲ. ಆದರೆ ಆಗಸ್ಟ್ ಸಮುದ್ರ ಹೇಗಿರುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದು ಹರಿದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ನಿಲ್ಲುತ್ತದೆ. ಬೋಟು ಗಾಳಿ ಎಳೆದ ಕಡೆ ಹೋಗುತ್ತದೆ. ಆ ಇಂಪೆಲ್ಲರನ್ನು ಬದಲಾಯಿಸುವುದು, ಬದಲಾಯಿಸಲು ಮಾಲೀಕ ಒಪ್ಪದಿದ್ದರೆ ಬಾಯಿಬಿಟ್ಟು ಎಚ್ಚರಿಸುವುದು, ಇದು ಪರರ ಮೇಲಿನ ಪ್ರೀತಿ. ಬೇರೆ ಹೆಸರು ಬೇಕಿಲ್ಲ. ಯೇಸುವಿಗೆ ಬೋಧನೆ ಶುರು ಮಾಡುವಾಗ ಸುಮಾರು ಮೂವತ್ತು ವರ್ಷ ಅಂತ ಲೂಕ ಬರೆಯುತ್ತಾನೆ. ಊರವರು ಅವರನ್ನು ಗುರುತಿಸುತ್ತಿದ್ದದ್ದು ಬಡಗಿ ಅಂತ. ನಜರೇತಿನಲ್ಲಿ ಯಾರದೋ ಮನೆಯ ಬಾಗಿಲು ಅವರ ಕೈಯಿಂದ ಸರಿಯಾಗಿ ಕೂತಿರಬೇಕು, ಅಲ್ವಾ.

ಬಂದರಿನಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಅವರ ನಡುವೆ ಕ್ರೈಸ್ತನಾಗಿರುವುದು ಅಂದರೆ ಏನು ಅಂತ ಅನುಮಾನ ಬಂದರೆ 2024ರ ಆಗಸ್ಟ್ 6ರ ನಡುರಾತ್ರಿ ದಾಟಿದ ಹೊತ್ತನ್ನು ನೆನಪಿಸಿಕೊಳ್ಳಿ. ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತು. ಆ ಕತ್ತಲಲ್ಲಿ ನಮ್ಮ ಮೀನುಗಾರರು, ಪೊಲೀಸರು ಸೇರಿ ಚಾಲಕನನ್ನು ಕಾಪಾಡಿದರು. ನೀರಲ್ಲಿ ಬಿದ್ದವನು ಯಾವ ಊರಿನವನು, ಯಾವ ಜಾತಿಯವನು ಅಂತ ಕೇಳುತ್ತಾ ಯಾರೂ ನಿಲ್ಲಲಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನನ್ನು ಉಪಚರಿಸಿದ ಒಳ್ಳೆಯ ಸಮಾರಿಯದವನ ಸಾಮತಿಯನ್ನು, ಅಂದರೆ ಯೇಸು ಹೇಳಿದ ಆ ಕಥೆಯನ್ನು, ನಾನು ಈಗ ಈ ಜನರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಪಾಠ ಮಾಡುತ್ತೇನೆ. ನೀವು ಬಂದರಿನಲ್ಲಿ ಉಪದೇಶ ಮಾಡಬೇಕಿಲ್ಲ. ನೀನ್ಯಾಕೆ ಹೀಗೆ ಅಂತ ಯಾರಾದರೂ ಕೇಳಿದಾಗ ಸಮಾಧಾನವಾಗಿ, ಗೌರವದಿಂದ ಉತ್ತರ ಕೊಡಿ. ಪೇತ್ರನ ಮೊದಲ ಓಲೆ ಹೇಳುವುದೂ ಅಷ್ಟನ್ನೇ.

ಇನ್ನು ಬಿಲ್ಲು. ಇದರಲ್ಲಿ ಮೆತ್ತಗೆ ಮಾತಾಡಿದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಜಾಸ್ತಿ ಬರೆದ ಬಿಲ್ಲು ಸುಳ್ಳು. ಆ ದುಡ್ಡು ಮ್ಯಾನೇಜರನ ಜೇಬಿಗೆ ಹೋದರೂ ಕೈಬರಹ ನಿಮ್ಮದು. ಎಷ್ಟೋ ಬೋಟುಗಳಲ್ಲಿ ಡೀಸೆಲ್, ಐಸು, ರೇಷನ್ ಖರ್ಚು ಕಳೆದು ಉಳಿದದ್ದರಲ್ಲಿ ಖಲಾಶಿಗಳಿಗೆ ಪಾಲು. ರಿಪೇರಿಯನ್ನೂ ಆ ಲೆಕ್ಕಕ್ಕೆ ಸೇರಿಸುವ ಬೋಟಾದರೆ ನೀವು ಜಾಸ್ತಿ ಬರೆದ ದುಡ್ಡು ಮಾಲೀಕನೊಬ್ಬನಿಂದ ಹೋಗುವುದಿಲ್ಲ. ಬಲೆ ಎಳೆದು ಅಂಗೈ ಒಡೆದವರ ಪಾಲಿನಿಂದಲೂ ಹೋಗುತ್ತದೆ. ಮಾಲೀಕರಿಗೆ ಗೊತ್ತಿದ್ದೇ ಕೊಡುವ ಕಮಿಷನ್ ಬೇರೆ ಮಾತು. ಗೊತ್ತಾಗಬಾರದು ಅಂತ ಬರೆಸುವುದು ಕಳ್ಳತನವೇ.

ಲೂಕನ 3ನೇ ಅಧ್ಯಾಯದಲ್ಲಿ ಜನ ಮರುಭೂಮಿಯಲ್ಲಿ ಬೋಧಿಸುತ್ತಿದ್ದ ಸ್ನಾನಿಕ ಯೊವಾನ್ನನ ಹತ್ತಿರ ಬಂದು, ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಸುಂಕದವರೂ ಕೇಳುತ್ತಾರೆ, ಸಿಪಾಯಿಗಳೂ ಕೇಳುತ್ತಾರೆ. ಕೆಲಸ ಬಿಟ್ಟು ಮರುಭೂಮಿಗೆ ಬನ್ನಿ ಅಂತ ಯೊವಾನ್ನ ಯಾರಿಗೂ ಹೇಳುವುದಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ ಅನ್ನುತ್ತಾನೆ ಸುಂಕದವರಿಗೆ. ಯಾರನ್ನೂ ಹೆದರಿಸಿ ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಅನ್ನುತ್ತಾನೆ ಸಿಪಾಯಿಗಳಿಗೆ. ನೀವು ಹೋಗಿ ಕೇಳಿದ್ದರೆ ಬಿಲ್ ಬುಕ್ಕಿನ ಬಗ್ಗೆಯೇ ಹೇಳುತ್ತಿದ್ದ.

ಹಾಗಾದರೆ ಮಾಡುವುದು ಹೇಗೆ? ಮಳೆಗಾಲದ ಕೆಲಸ ಶುರುವಾಗುವ ಮೊದಲೇ ಎಲ್ಲ ಮ್ಯಾನೇಜರುಗಳಿಗೆ ಒಂದೇ ಮಾತು ಹೇಳಿ: ಈ ವರ್ಷದಿಂದ ಮಾಡಿದ ಕೆಲಸ, ಹಾಕಿದ ಸಾಮಾನು ಮಾತ್ರ ಬರೆಯುತ್ತೇನೆ. ಜಗಳದ ದನಿ ಬೇಡ. ಸಾಮಾನಿನ ಅಸಲು ರಸೀದಿ ಬಿಲ್ಲಿಗೆ ಪಿನ್ ಮಾಡಿ. ತೆಗೆದ ಹಳೆ ಸಾಮಾನನ್ನು ಚೀಲದಲ್ಲಿ ಹಾಕಿ ಬೋಟಿಗೇ ವಾಪಸು ಕೊಡಿ. ಬಿಲ್ಲಿನ ಫೋಟೋ ಮಾಲೀಕರಿಗೂ ಒಂದು ವಾಟ್ಸಾಪ್ ಮಾಡುವುದು ನನ್ನ ಪದ್ಧತಿ ಅಂತ ಹೇಳಿ. ಕೆಲವು ಬೋಟು ಹೋಗುತ್ತವೆ. ಹೋಗುವುದಿಲ್ಲ ಅಂತ ನಾನು ಸುಮ್ನೆ ಧೈರ್ಯ ಹೇಳಲಾರೆ. ಅದಕ್ಕೇ ಹೆಂಡತಿಯ ಜೊತೆ ಮೊದಲೇ ಕೂತು ಲೆಕ್ಕ ಹಾಕಿ. ಎರಡು ಬೋಟು ಹೋದರೆ ಸಾಲದ ಕಂತು ಹೇಗೆ, ಶಾಲೆಯ ಫೀಸು ಹೇಗೆ? ನಿಮ್ಮ ಶಿಲುಬೆಯ ಭಾರ ಅವರ ಹೆಗಲಿಗೂ ಬೀಳುತ್ತದೆ. ಕೇಳದೆ ಹೊರಿಸಬೇಡಿ.

ಹಿಂದೆ ಬರೆದುಕೊಟ್ಟ ಬಿಲ್ಲುಗಳ ಕಥೆ? ಲೂಕನ ಸುವಾರ್ತೆಯ ಸುಂಕದವ ಜಕ್ಕಾಯ, ಮೋಸದಿಂದ ಕಿತ್ತದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ. ನಿಮಗೆ ಎಷ್ಟು ಸಾಧ್ಯ, ಯಾರಿಗೆ, ಹೇಗೆ ಅನ್ನುವುದನ್ನು ಪಾಪನಿವೇದನೆಯಲ್ಲಿ ಪಾದ್ರಿಯವರ ಹತ್ತಿರ ಬಿಚ್ಚಿಡಿ. ನಿಮ್ಮ ಪಾಲು ನೀವು ತೆಗೆದುಕೊಂಡಿದ್ದರೆ ಅದನ್ನು ವಾಪಸು ಸೇರಿಸುವ ದಾರಿ ಹುಡುಕಲೇಬೇಕು. ಸಂಬಂಧಪಟ್ಟವರಿಗೆ ನೇರವಾಗಿ ಕೊಡಲು ಆಗುವ ಕಡೆ ನೇರವಾಗಿ ಕೊಡಿ.

ಹುಡುಗರ ಸಂಬಳದ ಬಗ್ಗೆ ಬೈಬಲ್ ಬಹಳ ಬಿರುಸಾಗಿ ಮಾತಾಡುತ್ತದೆ. ಬಡ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲು ಕೊಡು, ಅವನ ಜೀವ ಅದರ ಮೇಲೆ ನಿಂತಿದೆ ಅನ್ನುತ್ತದೆ ಧರ್ಮೋಪದೇಶಕಾಂಡ. ಮಾಲೀಕರು ನಿಮಗೆ ತಡ ಮಾಡುತ್ತಾರೆ, ನಿಜ. ಆದರೂ ಬೋಟಿನ ದುಡ್ಡು ಕೈಗೆ ಬಂದ ದಿನ ಮೊದಲು ಎಣಿಸುವುದು ಹುಡುಗರದ್ದಾಗಲಿ. ನಿಮ್ಮದು, ಸಾಮಾನಿನ ಅಂಗಡಿಯದ್ದು ಆಮೇಲೆ.

ಈಗ ಹೇಳುವುದು ನನಗೂ ಕಷ್ಟದ ಮಾತು.

ನಾನು ಮೇಷ್ಟ್ರಾಗಿದ್ದಾಗ ಇಗರ್ಜಿಯ ಎಲ್ಲ ಕಮಿಟಿಗಳಲ್ಲೂ ಇದ್ದೆ. ಹಬ್ಬ, ಶಿಬಿರ, ಕ್ರಿಸ್ಮಸ್ ನಾಟಕ, ಮದುವೆಗೆ ಮುಂಚಿನ ತರಗತಿ. ಒಂದು ಡಿಸೆಂಬರಿನಲ್ಲಿ ನನ್ನ ಹೆಂಡತಿಗೆ ಟೈಫಾಯ್ಡ್ ಆಯಿತು. ಜ್ವರ ಇಳಿಯದ ಒಂದು ಸಂಜೆ ನಾನು ಮದುವೆಯಾಗಲಿರುವ ಜೋಡಿಗಳಿಗೆ, ಗಂಡ ಹೆಂಡತಿಯ ಕಾಲು ತೊಳೆಯಬೇಕು ಅಂತ ಒಂದೂವರೆ ಗಂಟೆ ಭಾಷಣ ಮಾಡಿದೆ. ಮನೆಗೆ ಬಂದರೆ ಅವಳು ಗಂಜಿಗಾಗಿ ಒಲೆಯ ಹತ್ತಿರ ಗೋಡೆ ಹಿಡಿದು ನಿಂತಿದ್ದಳು. ಬೈಯಲಿಲ್ಲ. ಚಪ್ಪಾಳೆ ಬಂತಾ ಅಂತ ಕೇಳಿದಳು, ಅಷ್ಟೇ. ಆ ರಾತ್ರಿ ನಾನು ಮಾರ್ಕನ 7ನೇ ಅಧ್ಯಾಯ ಓದಿದೆ. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು ಅಂತ ಹೇಳಿ ಕೈತೊಳೆದುಕೊಳ್ಳುವವರ ಮೇಲೆ ಯೇಸು ಅಲ್ಲಿ ಕೆಂಡವಾಗುತ್ತಾರೆ. ದೇವರ ಹೆಸರು ಹೇಳಿ ಮನೆಯವರಿಂದ ತಪ್ಪಿಸಿಕೊಳ್ಳಬಹುದು ಅಂತ ಯೇಸುವಿಗೆ ಗೊತ್ತಿತ್ತು. ನಾನು ಅದನ್ನೇ ಮಾಡಿದ್ದೆ.

ನೀವೂ ಅದನ್ನೇ ಮಾಡುತ್ತಿದ್ದೀರಿ ಅಂತ ನಾನು ತೀರ್ಪು ಕೊಡುತ್ತಿಲ್ಲ. ಆದರೆ ಅಮ್ಮನನ್ನು ಹೆಚ್ಚಾಗಿ ಹೆಂಡತಿಯೇ ನೋಡಿಕೊಳ್ಳುತ್ತಾಳೆ ಅನ್ನುವ ಸಾಲನ್ನು ನೀವೇ ಬರೆದಿದ್ದೀರಿ. ಅದು ನಿಮ್ಮನ್ನು ಚುಚ್ಚಿದ್ದಕ್ಕೇ ಬರೆದಿದ್ದೀರಿ ಅನ್ನಿಸಿತು. ಹಬ್ಬದ ಕಮಿಟಿಯನ್ನು ಒಂದೆರಡು ವರ್ಷ ಬೇರೆಯವರಿಗೆ ಬಿಡಿ. ಆ ಸಂಜೆಗಳು ಅಮ್ಮನಿಗೆ ಸೇರಲಿ. ಸ್ನಾನ ಮಾಡಿಸುವುದು, ಬಟ್ಟೆ ಬದಲಾಯಿಸುವುದು, ರಾತ್ರಿ ಎದ್ದು ಬಾಗಿಲ ಕಡೆ ಹೋದಾಗ ಕೈಹಿಡಿದು ಕರೆತರುವುದು, ವಾರದಲ್ಲಿ ಕೆಲವು ದಿನವಾದರೂ ನಿಮ್ಮ ಪಾಲಿಗೆ ಬರಲಿ. ಹೆಂಡತಿ ಪೂರ್ತಿ ನಿದ್ದೆ ಮಾಡಲಿ. ಅಕ್ಕತಂಗಿ, ಅಣ್ಣತಮ್ಮ ಇದ್ದರೆ ಅವರನ್ನೂ ಸೇರಿಸಿಕೊಳ್ಳಿ, ಸಂಕೋಚ ಬೇಡ. ಡಾಕ್ಟರಿಗೆ ತೋರಿಸುವುದನ್ನು ವಯಸ್ಸಾಯಿತು ಬಿಡಿ ಅಂತ ಬಿಡಬೇಡಿ. ಪೂಜೆಗೆ ಬರಲಾಗದವರಿಗೆ ಪಾದ್ರಿಯವರು ಪರಮಪ್ರಸಾದವನ್ನು ಮನೆಗೇ ತರುತ್ತಾರೆ, ಕೇಳಿ. ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರವೂ ಇದೆ. ಅದು ಸಾಯುವವರಿಗೆ ಮಾತ್ರ ಅಂತ ನಮ್ಮ ಹಿರಿಯರು ಹೆದರುತ್ತಾರೆ. ಹಾಗೇನಿಲ್ಲ, ಗಂಭೀರ ಕಾಯಿಲೆಯಲ್ಲಿ ಇರುವವರಿಗೆ, ವಯಸ್ಸಾಗಿ ಕುಗ್ಗಿದವರಿಗೆ ಕೊಡುತ್ತಾರೆ.

ಪ್ರಾರ್ಥನೆಗೆ ಸೆಮಿನರಿಯ ವೇಳಾಪಟ್ಟಿ ಹುಡುಕಬೇಡಿ. ಅದು ಅಲ್ಲಿಯ ಬದುಕಿಗೆ ಮಾಡಿದ್ದು. ಬೆಳಿಗ್ಗೆ ಶಟರ್ ಎತ್ತುವ ಮೊದಲು ಶಿಲುಬೆಯ ಗುರುತು ಹಾಕಿ, ಆ ದಿನ ಯಾರ ಬೋಟು ಬಿಚ್ಚುತ್ತೀರೋ ಅದರ ಖಲಾಶಿಗಳನ್ನು ಒಮ್ಮೆ ನೆನೆಯಿರಿ. ಮಧ್ಯಾಹ್ನ ಹನ್ನೆರಡಕ್ಕೆ ಸ್ಪ್ಯಾನರ್ ಕೆಳಗಿಟ್ಟು ಒಂದು ನಮಾನ್ ಮರಿಯೆ, ಮರಿಯಮ್ಮನವರ ಆ ಚಿಕ್ಕ ಕೊಂಕಣಿ ಪ್ರಾರ್ಥನೆ. ಸಂಜೆ ಕ್ಲೀನಿಂಗ್ ಪೌಡರಿನಲ್ಲಿ ಗ್ರೀಸು ತೊಳೆಯುತ್ತಾ ದಿನವನ್ನು ಹಿಂದಕ್ಕೆ ತಿರುಗಿಸಿ ನೋಡಿ: ಎಲ್ಲಿ ದೇವರು ಹತ್ತಿರ ಇದ್ದರು, ಎಲ್ಲಿ ನಾನು ಯಾರನ್ನು ನೋಯಿಸಿದೆ? ಸಂತ ಇಗ್ನಾಸಿಯವರು ಕಲಿಸಿದ ಆತ್ಮಶೋಧನೆಯ ತಿರುಳು ಇದೇ. ಐದು ನಿಮಿಷ ಸಾಕು.

ಭಾನುವಾರದ ಪೂಜೆ ಬಿಡಬೇಡಿ. ಜುಲೈ ಕೊನೆಯಲ್ಲಿ ಬೆಳಿಗ್ಗೆ ಆಗದಿದ್ದರೆ ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಕರ್ತವ್ಯ ಪೂರೈಸುತ್ತದೆ, ಸಭೆಯ ಕಾನೂನಿನಲ್ಲೇ ಅದು ಇದೆ. ಎಂಜಿನ್ ಕೆಟ್ಟು ಬೋಟು ಜನರ ಸಮೇತ ಸಮುದ್ರದಲ್ಲಿ ನಿಂತಿದೆ ಅಂತ ಫೋನ್ ಬಂದರೆ ಪೂಜೆಯ ನಡುವಿನಿಂದಲೂ ಎದ್ದು ಹೋಗಿ. ಕೆಲಸ ಮಾಡಬಾರದ ಸಬ್ಬತ್ತಿನ ದಿನವೂ ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತುವುದಿಲ್ಲವೇ ಅಂತ ಯೇಸುವೇ ಕೇಳಿದ್ದಾರೆ. ಸೋಮವಾರ ಬೆಳಿಗ್ಗೆ ಮಾಡಬಹುದಾದ ಕೆಲಸಕ್ಕೆ ಮಾತ್ರ ಭಾನುವಾರವನ್ನು ಕೊಡಬೇಡಿ. ಅದು ಮಕ್ಕಳ ದಿನ. ಕಡಲ ತೀರಕ್ಕೆ ಕರೆದುಕೊಂಡು ಹೋಗಿ, ಅವರ ಮಾತು ಕೇಳಿ.

ಕೊನೆಗೆ ಆ ಸಿಮೆಯೋನನ ಹಾಡು. ಅದೊಂದೇ ಬಾಯಿಗೆ ಬರುತ್ತದೆ ಅಂತ ಸಂಕಟದಿಂದ ಬರೆದಿದ್ದೀರಿ. ಎಂಥ ಒಳ್ಳೆಯ ಹಾಡು ನಿಮ್ಮ ಹತ್ತಿರ ಉಳಿದಿದೆ! ಮುಪ್ಪಿನ ಸಿಮೆಯೋನ ಮಗು ಯೇಸುವನ್ನು ಎತ್ತಿಕೊಂಡು, ಸ್ವಾಮೀ, ಇನ್ನು ನಿನ್ನ ದಾಸನನ್ನು ಸಮಾಧಾನದಿಂದ ಕಳಿಸು ಅಂತ ಹಾಡಿದ್ದು. ಸಭೆ ಇಂದಿಗೂ ಮಲಗುವ ಮೊದಲು ಅದನ್ನೇ ಹಾಡುತ್ತದೆ. ಮರೆವು ಬಂದವರಿಗೆ ಮಗನ ಹೆಸರು ಮರೆತರೂ ಚಿಕ್ಕಂದಿನಲ್ಲಿ ಬಾಯಿಪಾಠವಾದ ಪ್ರಾರ್ಥನೆ, ಹಾಡು ಬಹಳ ಕಾಲ ಉಳಿಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಇವತ್ತು ರಾತ್ರಿ ಅಮ್ಮನ ಮಂಚದ ಪಕ್ಕ ಕೂತು ಮೊದಲು ಆಮ್ಚ್ಯಾ ಬಾಪಾ, ಅಂದರೆ ಯೇಸು ಕಲಿಸಿದ ಪ್ರಾರ್ಥನೆಯನ್ನು ಕೊಂಕಣಿಯಲ್ಲಿ ಶುರು ಮಾಡಿ, ನಡುವೆ ನಿಲ್ಲಿಸಿ. ಮುಂದಿನ ಸಾಲು ಅವರೇ ಹೇಳಬಹುದು. ಹೇಳದಿದ್ದರೂ ಪರವಾಗಿಲ್ಲ. ಆಮೇಲೆ ಆ ಹಾಡು ಹಾಡಿ, ದೀಪ ಆರಿಸಿ.